ಶಂಕರಘಟ್ಟ ಕ್ಯಾಂಪಸ್ ನೋಡೋಕೆ ಒಂದು ದಿನ ಸಾಕಾ? ಭಾನುವಾರ ಬರಬಹುದಾ?

ರಿಪ್ಪನ್‌ಪೇಟೆ ಅಪ್ಪ

ಎಲ್ಲರಿಗೂ ನಮಸ್ಕಾರ. ಮಗಳಿಗೆ ಕುವೆಂಪು ವಿಶ್ವವಿದ್ಯಾಲಯದಲ್ಲಿ ಅಪ್ಲೈಡ್ ಬಾಟನಿ ಎಂ.ಎಸ್ಸಿ. ಸೀಟು ಸಿಕ್ಕಿದೆ. ನಮ್ಮ ಮನೆಯಲ್ಲಿ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತುತ್ತಿರುವುದು ಇವಳೇ ಮೊದಲು. ನಾನು ಪಿಯುಸಿಗೆ ನಿಲ್ಲಿಸಿ ತೋಟಕ್ಕೆ ಇಳಿದವನು. ಸೇರಿಸುವ ಮುಂಚೆ ಒಂದು ಸಲ ಎಲ್ಲರೂ ಹೋಗಿ ನೋಡಿಕೊಂಡು ಬರೋಣ ಅಂತ. ಎಲ್ಲರೂ ಅಂದರೆ ನಾನು, ಹೆಂಡತಿ, ಅಮ್ಮ, ಮಗಳು, ಜೊತೆಗೆ ಭಾವನ ಮನೆಯವರು. ಭಾನುವಾರ ಎರಡು ಓಮ್ನಿ ಮಾಡಿಕೊಂಡು ಹೊರಡುವ ಯೋಚನೆ ಇದೆ.

ಅರ್ಧ ದಿನ ಸಾಕಾ, ಇಡೀ ದಿನ ಬೇಕಾ? ದೊಡ್ಡ ಜಾಗ ಅಂತಾರೆ. ಅಲ್ಲಿ ಏನೇನು ಪದ್ಧತಿ, ಸಂಪ್ರದಾಯ ಇವೆ, ಹೊಸಬರು ಏನು ತಿಳಿದಿರಬೇಕು? ನನ್ನ ಹೆಂಡತಿಯದು ಒಂದೇ ಪ್ರಶ್ನೆ: ಕಾಡೊಳಗೆ ಇದೆಯಂತೆ, ಉಂಬಳ (ರಕ್ತ ಹೀರುವ ಜಿಗಣೆ) ಇದ್ದಾವಾ?

ಬಿ.ಆರ್.ಪಿ. ಕ್ವಾರ್ಟರ್ಸ್

ಮೊದಲು ಆ ಓಮ್ನಿ ಕ್ಯಾನ್ಸಲ್ ಮಾಡಿ ಅಣ್ಣ. ಭಾನುವಾರ ಬಂದರೆ ನಿಮಗೆ ಸಿಗುವುದು ಬೀಗ ಹಾಕಿದ ಬಾಗಿಲು ಮತ್ತು ಮಂಗ. ವಾರದ ದಿನ ಬನ್ನಿ. ನೀವೂ ಮಗಳೂ ಇಬ್ಬರೇ ಬನ್ನಿ. ಬಸ್ಸಿನಲ್ಲಿ ಬನ್ನಿ.

ಯಾಕೆ ಬಸ್ಸು ಅಂದರೆ, ಅವಳು ಎರಡು ವರ್ಷ ಓಡಾಡುವುದು ಬಸ್ಸಿನಲ್ಲೇ ಅಲ್ವಾ. ಶಿವಮೊಗ್ಗದಿಂದ ಸುಮಾರು 28 ಕಿಲೋಮೀಟರ್, ಭದ್ರಾವತಿಯಿಂದ 18. ಹೇಳೋಕೆ ಏನೂ ಅಲ್ಲ. ಫುಟ್‌ಬೋರ್ಡಿನ ಮೇಲೆ ಒಂದೇ ಕಾಲು ಊರಿಕೊಂಡು ಬಂದವರಿಗೆ ಮಾತ್ರ ಅದು ಎಷ್ಟು ಉದ್ದ ಅಂತ ಗೊತ್ತು. ಪದ್ಧತಿ ಕೇಳಿದಿರಲ್ಲ, ಮೊದಲನೇ ಪದ್ಧತಿ ಬಸ್ಸಲ್ಲೇ ಇದೆ. ಸೀಟು ಸಿಕ್ಕವರು ನಿಂತವರ ಬ್ಯಾಗನ್ನು ತೊಡೆ ಮೇಲೆ ಇಟ್ಟುಕೊಳ್ಳಬೇಕು. ಗುರುತು ಪರಿಚಯ ಬೇಕಿಲ್ಲ. ಯಾರೂ ಕೇಳುವುದೂ ಇಲ್ಲ, ಸುಮ್ನೆ ಇಟ್ಟುಬಿಡುತ್ತಾರೆ.

ಜಾಗದ ಬಗ್ಗೆ ಎರಡು ಮಾತು. ಕ್ಯಾಂಪಸ್ಸಿನ ಹೆಸರು ‘ಜ್ಞಾನ ಸಹ್ಯಾದ್ರಿ’. ಸುಮಾರು 230 ಎಕರೆ. ತೋಟದವರಿಗೆ ಎಕರೆ ಲೆಕ್ಕ ನಾನು ಹೇಳಿಕೊಡಬೇಕಾಗಿಲ್ಲ. ಗೇಟಿನಿಂದ ಒಂದು ವಿಭಾಗಕ್ಕೆ, ಅಲ್ಲಿಂದ ಲೈಬ್ರರಿಗೆ, ಅಲ್ಲಿಂದ ಹಾಸ್ಟೆಲಿಗೆ ಅಂತ ನಡೆದರೆ ಕಾಲಿಗೆ ಗೊತ್ತಾಗುತ್ತದೆ. ಇಡೀ ದಿನ ಇಟ್ಟುಕೊಳ್ಳಿ.

ನಮ್ಮಜ್ಜ ಇಲ್ಲಿಗೆ ಬಂದಿದ್ದು ಭದ್ರಾ ಡ್ಯಾಮಿನ ಕೆಲಸಕ್ಕೆ. ಸ್ವಾತಂತ್ರ್ಯ ಬಂದ ಸುಮಾರಿಗೆ ಶುರುವಾದ ಕೆಲಸ ಮುಗಿಯುವಾಗ 60ರ ದಶಕ. ಇಂಜಿನಿಯರು, ಮೇಸ್ತ್ರಿ, ಕೂಲಿಯವರು ಎಲ್ಲರಿಗೂ ಅಂತ ಎದ್ದ ಕಾಲೊನಿಗೆ ಪ್ರಾಜೆಕ್ಟ್ ಅಂತಲೇ ಹೆಸರಾಯಿತು. ಈಗಲೂ ಬಸ್ಸಿನ ಬೋರ್ಡಿನಲ್ಲಿ ‘ಬಿ.ಆರ್.ಪಿ.’ ಅಂತಲೇ ಇರುತ್ತದೆ. ವಿಶ್ವವಿದ್ಯಾಲಯ ಆಗುವ ಮುಂಚೆ ಇಲ್ಲಿದ್ದದ್ದು ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ. 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಬಂತು. ಕಾಡಿನಲ್ಲಿ ಯಾಕೆ ಕಟ್ಟಿದರು ಅಂತ ಪೇಟೆಯವರು ಕೇಳುತ್ತಾರೆ. ನಮ್ಮ ಕಡೆಯಿಂದ ನೋಡಿದರೆ ಇದು ಕಾಡಲ್ಲ, ಮೊದಲೇ ಜನ ಬಂದು ಕೂತಿದ್ದ ಊರು.

ಹಿಂದಿನ ಬೆಂಚು

ಪದ್ಧತಿ ಬೇಕಾ? ಮಧ್ಯಾಹ್ನದ ಕ್ಲಾಸಿಗೆ ನಿದ್ದೆ. ಸಂಜೆ ಡ್ಯಾಮ್ ಕಡೆ ವಾಕಿಂಗ್. ಪರೀಕ್ಷೆ ಹಿಂದಿನ ರಾತ್ರಿ ಜೆರಾಕ್ಸ್ ಅಂಗಡಿ. ಇಷ್ಟೇ.

ಸಂಪ್ರದಾಯ ಅನ್ನುವುದನ್ನೇ ನೋಡಬೇಕು ಅಂದರೆ ಘಟಿಕೋತ್ಸವದ ದಿನ ಹೋಗಿ. ರಾಜ್ಯಪಾಲರು ಕುಲಾಧಿಪತಿಗಳಲ್ವಾ, ಪೊಲೀಸು, ಮೆರವಣಿಗೆ, ನಾಡಗೀತೆ, ಪದಕ. ಗೌನು ಹಾಕಿಕೊಂಡು ಬೆವರುವುದು. ಮರುದಿನ ಪೇಪರಿನಲ್ಲಿ ‘ಕೂಲಿ ಕಾರ್ಮಿಕನ ಮಗಳಿಗೆ ಚಿನ್ನದ ಪದಕ’ ಅಂತ ದೊಡ್ಡ ಫೋಟೋ. ನನಗೆ ಆ ಸುದ್ದಿ ಓದಿದಾಗೆಲ್ಲ ಖುಷಿ ಒಂದು ಕಡೆ, ಕಿರಿಕಿರಿ ಇನ್ನೊಂದು ಕಡೆ. ಡಾಕ್ಟರ ಮಗನಿಗೆ ಪದಕ ಬಂದರೆ ಅಪ್ಪನ ಕೆಲಸವನ್ನು ಹೆಡ್ಡಿಂಗಿನಲ್ಲಿ ಹಾಕುವುದಿಲ್ಲವಲ್ಲ.

ಘಟಿಕೋತ್ಸವ ಅನ್ನುವ ಪದ ಒಂದು ಬಿಟ್ಟರೆ ಅದರಲ್ಲಿ ನಮ್ಮದು ಅಂತ ಏನೂ ಇಲ್ಲ. ಎಲ್ಲ ಬ್ರಿಟಿಷರದ್ದು.

ಶಾಸನದ ಹುಚ್ಚು

ಆ ಪದ ಒಂದರಲ್ಲೇ ಎಷ್ಟಿದೆ ಗೊತ್ತಾ ಮಾರಾಯ್ರೆ. ಬರೆಯದೆ ಇರೋಕಾಗುತ್ತಿಲ್ಲ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಘಟಿಕಾ ಅಂದರೆ ಹಿಂದಿನ ಕಾಲದ ದೊಡ್ಡ ವಿದ್ಯಾಕೇಂದ್ರ. ಅದರ ಕಥೆಗೆ ನಮ್ಮ ಜಿಲ್ಲೆಯದ್ದೇ ಸಾಕ್ಷಿ ಇದೆ. ಶಿಕಾರಿಪುರ ತಾಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಸ್ಥಾನದ ಎದುರು ಒಂದು ಕಲ್ಲಿನ ಕಂಬ ನಿಂತಿದೆ. 5ನೇ ಶತಮಾನದ್ದು. ಕುಬ್ಜ ಅನ್ನುವ ಕವಿ ಬರೆದ ಸಂಸ್ಕೃತ ಶಾಸನ ಅದರ ಮೇಲಿದೆ. ಅದು ಹೇಳುವುದು ಇಷ್ಟು: ತಾಳಗುಂದದ ಹುಡುಗ ಮಯೂರಶರ್ಮ ತನ್ನ ಗುರು ವೀರಶರ್ಮರ ಜೊತೆ ಪಲ್ಲವರ ರಾಜಧಾನಿ ಕಂಚಿಗೆ ಹೋದ, ಅಲ್ಲಿಯ ಘಟಿಕೆಯಲ್ಲಿ ಓದಲು. ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳ ಆಯಿತು. ಹುಡುಗ ಸಿಟ್ಟಿಗೆದ್ದ. ದರ್ಭೆ, ಸೌಟು ಹಿಡಿಯುತ್ತಿದ್ದ ಕೈಯಲ್ಲಿ ಕತ್ತಿ ಹಿಡಿದ. ಹಾಗೆ ಕದಂಬರ ರಾಜ್ಯ ಹುಟ್ಟಿತು.

ಯೋಚನೆ ಮಾಡಿ. ಕನ್ನಡಿಗರ ಮೊದಲ ರಾಜ್ಯಕ್ಕೆ ಕಾರಣ ಪರ ಊರಿಗೆ ಓದಲು ಹೋದ ನಮ್ಮ ಕಡೆಯ ಹುಡುಗನ ಕ್ಯಾಂಪಸ್ ಗಲಾಟೆ. ಗೌನು ಬ್ರಿಟಿಷರದ್ದೇ ಇರಲಿ, ಗಲಾಟೆ ನಮ್ಮದೇ.

ತಾಳಗುಂದದ ಪಕ್ಕದಲ್ಲೇ ಬಳ್ಳಿಗಾವಿ. ಅಲ್ಲಿ ಕೇದಾರೇಶ್ವರ ದೇವಸ್ಥಾನದ ಕೋಡಿಮಠ ಇತ್ತು. 1162ರ ಶಾಸನ ಆ ಮಠದಲ್ಲಿ ಏನೇನು ನಡೆಯುತ್ತಿತ್ತು ಅಂತ ಪಟ್ಟಿ ಕೊಡುತ್ತದೆ. ನಾಲ್ಕು ವೇದ, ಪಾಣಿನಿ ಮತ್ತು ಶಾಕಟಾಯನರ ವ್ಯಾಕರಣ, ಆರು ದರ್ಶನ, ಪುರಾಣ, ನಾಟಕ. ಶಾಕಟಾಯನ ಜೈನ ವ್ಯಾಕರಣಕಾರ, ಮಠ ಶೈವರದ್ದು, ಅದನ್ನು ಗಮನಿಸಿ. ಪಟ್ಟಿ ಪಾಠಕ್ಕೇ ನಿಲ್ಲುವುದಿಲ್ಲ. ಬಡವರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಅನ್ನ. ಹಾಡುವವರಿಗೆ, ಕುಣಿಯುವವರಿಗೆ ಅನ್ನ. ಜೈನ ಕ್ಷಪಣಕರಿಗೂ, ಅಂದರೆ ಸನ್ಯಾಸಿಗಳಿಗೂ, ಅನ್ನ. ರೋಗಿಗಳಿಗೆ ಔಷಧಿ. ಕೊನೆಗೆ, ಸಕಲ ಜೀವಿಗಳಿಗೂ ಅಭಯದ ಜಾಗ ಅನ್ನುತ್ತದೆ.

ನಾನು ಮೊದಲ ಸಲ ಅಲ್ಲಿಗೆ ಹೋಗಿದ್ದು ಮೇ ತಿಂಗಳ ಮಧ್ಯಾಹ್ನ. ಜಗುಲಿಯ ಕಲ್ಲು ತಣ್ಣಗಿತ್ತು. ಒಬ್ಬ ಅಜ್ಜ ಟವೆಲ್ ಮುಖಕ್ಕೆ ಹಾಕಿಕೊಂಡು ಮಲಗಿದ್ದ, ಅವನ ಕಾಲ ಬಳಿ ಒಂದು ನಾಯಿ. ಅಭಯದ ಜಾಗ ಅಂತ ಬರೆದ ಮಾತು ಇನ್ನೂ ಊರ್ಜಿತದಲ್ಲಿದೆ ಅನ್ನಿಸಿತು.

ರಿಪ್ಪನ್‌ಪೇಟೆ ಅಣ್ಣ, ಎರಡು ಓಮ್ನಿ ತುಂಬ ಜನ ಇದ್ದಾರೆ ಅಂದಿರಲ್ಲ, ಭಾನುವಾರ ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗಿ.

ಹಿಂದಿನ ಬೆಂಚು

ಒಪ್ಪಿದೆ ಗುರುಗಳೇ. ಗಲಾಟೆ ನಮ್ಮದು ಅನ್ನುವುದನ್ನು ಮಾತ್ರ ನಮ್ಮ ವಾರ್ಡನ್ನರಿಗೆ ಆಗ ಹೇಳಬೇಕಿತ್ತು.

ಉಪ್ಪು ಸುಣ್ಣ

ಉಂಬಳದ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಅಕ್ಕನಿಗೆ ಹೇಳಿ, ಶಂಕರಘಟ್ಟ ಅರೆಮಲೆನಾಡು. ತೇಗ, ಬಿದಿರು, ಮತ್ತಿ ಇರುವ ಎಲೆ ಉದುರುವ ಕಾಡು. ನಿಮ್ಮ ಹೊಸನಗರ ತಾಲೂಕಿನ ಮಳೆಯ ಮುಂದೆ ಅದು ಬರೀ ಹನಿ. ಉಂಬಳ ಹಿಡಿಯಬೇಕಾದರೆ ಆಗುಂಬೆಗೆ ಹೋಗಬೇಕು. ರಿಪ್ಪನ್‌ಪೇಟೆಯಿಂದ ಹೊರಟವರು ಶಂಕರಘಟ್ಟದಲ್ಲಿ ಉಂಬಳಕ್ಕೆ ಹೆದರುವುದು ಅಂದರೆ ಮೀನುಗಾರ ಬಚ್ಚಲ ನೀರಿಗೆ ಹೆದರಿದ ಹಾಗೆ.

ತುಂಗಾ ದಂಡೆ

ಕ್ಯಾಂಪಸ್ ಅಂದರೆ ಸಹ್ಯಾದ್ರಿ ಕಾಲೇಜು. 1940ರಿಂದ ಇದೆ. ಶಿವಮೊಗ್ಗ ಪೇಟೆಯಲ್ಲೇ, ತುಂಗೆ ಪಕ್ಕದಲ್ಲಿ, ಬಿ.ಎಚ್. ರಸ್ತೆ ಮೇಲೆ. ಈಗ ಅದೂ ಕುವೆಂಪು ವಿಶ್ವವಿದ್ಯಾಲಯದ್ದೇ. ಮಗಳನ್ನು ಕಾಡಿಗೆ ಯಾಕೆ ಕಳಿಸುತ್ತೀರಿ?

ಬಿ.ಆರ್.ಪಿ. ಕ್ವಾರ್ಟರ್ಸ್

ಬಾಟನಿ ಓದುವವಳನ್ನು ಕಾಡಿಗೆ ಕಳಿಸದೆ ಗಾಂಧಿ ಬಜಾರಿಗೆ ಕಳಿಸಬೇಕಾ?

ಕನ್ನಡ ಎಂ.ಎ.

ನಾನು ಕನ್ನಡ ಭಾರತಿಯಲ್ಲಿ ಓದಿದವಳು. ಅದು ಅಲ್ಲಿಯ ಕನ್ನಡ ವಿಭಾಗದ ಹೆಸರು. ಹೆಸರುಗಳ ಬಗ್ಗೆ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಹೊಸದಾಗಿ ಬಂದವರು ಬೋರ್ಡು ಓದಿ ಮುಂದೆ ಹೋಗಿಬಿಡುತ್ತಾರೆ.

ಕುವೆಂಪು 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾಲಯದ ಉಪಕುಲಪತಿ, ಈಗ ಆ ಹುದ್ದೆಗೆ ಕುಲಪತಿ ಅನ್ನುತ್ತಾರೆ. ಅದೇ ವಿಶ್ವವಿದ್ಯಾಲಯದಲ್ಲಿ ಓದಿ ಆ ಕುರ್ಚಿಗೆ ಬಂದವರಲ್ಲಿ ಅವರೇ ಮೊದಲಿಗರು. ಮೈಸೂರಿನ ದೊಡ್ಡ ಕ್ಯಾಂಪಸ್ಸಿಗೆ ‘ಮಾನಸ ಗಂಗೋತ್ರಿ’ ಅಂತ ಹೆಸರು ಇಟ್ಟವರೂ ಅವರೇ. ಕುಪ್ಪಳಿಯ ಕಾಡಿನಿಂದ ಹೋದ ಹುಡುಗ ಮೈಸೂರಿನ ಕ್ಯಾಂಪಸ್ಸಿಗೆ ಹೆಸರು ಕೊಟ್ಟ. ಆಮೇಲೆ ಮಲೆನಾಡಿನ ವಿಶ್ವವಿದ್ಯಾಲಯ ಅವರ ಹೆಸರು ಇಟ್ಟುಕೊಂಡಿತು. ಕೊಟ್ಟದ್ದು ತಿರುಗಿ ಬಂದ ಹಾಗಾಯಿತು. ಇಲ್ಲಿಯ ಮೊದಲ ಕುಲಪತಿಗಳೂ ಕನ್ನಡದ ಲೇಖಕರೇ, ಶಾಂತಿನಾಥ ದೇಸಾಯಿ.

ಮೊದಲು ದಾವಣಗೆರೆ, ಚಿತ್ರದುರ್ಗದ ಕಾಲೇಜುಗಳೂ ಇಲ್ಲಿಗೇ ಸೇರಿದ್ದವು. 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯ ಬೇರೆ ಆಯಿತು. ಈಗ ಶಿವಮೊಗ್ಗ, ಚಿಕ್ಕಮಗಳೂರು ಎರಡೇ ಜಿಲ್ಲೆ.

ಪದ್ಧತಿಗೆ ಬಂದರೆ, ಡಿಸೆಂಬರ್ 29 ಕುವೆಂಪು ಹುಟ್ಟಿದ ದಿನ. ಸರ್ಕಾರ ಅದನ್ನು ವಿಶ್ವಮಾನವ ದಿನ ಅಂತ ಮಾಡಿದೆ. ಭಾಷಣ ಆಗುತ್ತದೆ, ಭಾವಗೀತೆ ಆಗುತ್ತದೆ. ಆದರೆ ನನಗೆ ನೆನಪಿರುವುದು ಬೇರೆ. ಯಾವ ಕಾರ್ಯಕ್ರಮವೇ ಇರಲಿ, ಮೊದಲು ನಾಡಗೀತೆ. ಬರೆದವರು ಕುವೆಂಪು. 2004ರಲ್ಲಿ ಅದು ಅಧಿಕೃತವಾಗಿ ನಾಡಗೀತೆ ಆಯಿತು. ಎಷ್ಟು ಸಾಲು ಹಾಡಬೇಕು, ಯಾವ ಧಾಟಿ ಅಂತ ವರ್ಷಗಟ್ಟಲೆ ಚರ್ಚೆ ನಡೆದು 2022ರಲ್ಲಿ ಎರಡೂವರೆ ನಿಮಿಷ ಅಂತ ಸರ್ಕಾರ ಗೊತ್ತು ಮಾಡಿತು. ನಮ್ಮ ಕಾಲದಲ್ಲಿ ಅಂಥ ಮಿತಿ ಇರಲಿಲ್ಲ. ಒಂದು ಸಲ ನಮ್ಮ ತಂಡದ ಇಬ್ಬರು ಒಂದು ಧಾಟಿ, ಉಳಿದವರು ಇನ್ನೊಂದು ಧಾಟಿ ಹಿಡಿದರು. ಎದುರಿಗೆ ಮುನ್ನೂರು ಜನ ಅಟೆನ್ಷನ್. ಹಾರ್ಮೋನಿಯಂ ಹಿಡಿದವಳು ನಾನು. ಯಾರ ಹಿಂದೆ ಹೋಗಲಿ ಅಂತ ತಿಳಿಯದೆ ಕೈ ಎತ್ತಿಬಿಟ್ಟೆ. ಕೊನೆಯ ಸಾಲಿಗೆ ಎಲ್ಲರೂ ಹೇಗೋ ಒಟ್ಟಿಗೆ ಬಂದು ಸೇರಿದರು. ಸಭೆಯಲ್ಲಿ ಯಾರೂ ನಗಲಿಲ್ಲ. ಅದೇ ಜಾಸ್ತಿ ನಾಚಿಕೆಯಾಯಿತು.

ನಾಟಿ ಕೈ

ಶಂಕರಘಟ್ಟದವರೇ ಎಲ್ಲ ಮಾತಾಡುತ್ತಿದ್ದೀರಿ. ಜಿಲ್ಲೆಯಲ್ಲಿ ಇನ್ನೊಂದು ವಿಶ್ವವಿದ್ಯಾಲಯ ಇದೆ. 2012ರಲ್ಲಿ ಶುರುವಾದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯ, ಈಗ ಕೆಳದಿ ಶಿವಪ್ಪ ನಾಯಕರ ಹೆಸರಿನಲ್ಲಿದೆ. ಶಿವಮೊಗ್ಗದ ನವಿಲೆಯಲ್ಲಿ ಹಳೇ ಜಾಗ, ಸಾಗರ ತಾಲೂಕಿನ ಇರುವಕ್ಕಿಯಲ್ಲಿ 777 ಎಕರೆ. 230 ಎಕರೆಗೇ ಕಾಲು ನೋವು ಅನ್ನುವವರು ಅಲ್ಲಿ ಬಂದು ನೋಡಿ.

ಹೆಸರು ಸರಿಯಾಗಿಯೇ ಇಟ್ಟಿದ್ದಾರೆ. ಶಿವಪ್ಪ ನಾಯಕ 17ನೇ ಶತಮಾನದಲ್ಲಿ ಬಿದನೂರಿನಿಂದ ಆಳಿದವನು, ಅಂದರೆ ನಿಮ್ಮದೇ ತಾಲೂಕಿನ ನಗರ. ಜಮೀನನ್ನು ಗುಣ ನೋಡಿ ವಿಂಗಡಿಸಿ, ಬೆಳೆ ಎಷ್ಟು ಬರುತ್ತದೆ ಅಂತ ಲೆಕ್ಕ ಹಾಕಿ ಕಂದಾಯ ಗೊತ್ತು ಮಾಡಿದ. ಅದಕ್ಕೇ ‘ಶಿಸ್ತು’ ಅಂದರು. ಶಿಸ್ತಿನ ಶಿವಪ್ಪ ನಾಯಕ ಅನ್ನುವುದು ಅಲ್ಲಿಂದ ಬಂತು. ಕ್ಲಾಸಿಗೆ ಲೇಟಾಗಿ ಬಂದರೆ ಬೈಯುವ ಶಿಸ್ತು ಅಲ್ಲ.

ನಮ್ಮ ಕಡೆಯ ಪದ್ಧತಿ ಹೇಳಲಾ? ಬಿ.ಎಸ್ಸಿ. ಅಗ್ರಿ ಕೊನೆಯ ವರ್ಷದಲ್ಲಿ ಹುಡುಗರು ಕೆಲವು ತಿಂಗಳು ಹಳ್ಳಿಯಲ್ಲಿ ಇರಬೇಕು. ಗ್ರಾಮೀಣ ಕೃಷಿ ಕಾರ್ಯಾನುಭವ ಅಂತ. ಹೋದ ಕೆಲವೇ ದಿನಕ್ಕೆ ದೇವಸ್ಥಾನದ ಅಂಗಳದಲ್ಲಿ ರಂಗೋಲಿ ಪುಡಿಯಿಂದ ಊರಿನ ನಕ್ಷೆ ಬಿಡಿಸುತ್ತಾರೆ. ಕೆರೆಗೆ ನೀಲಿ, ತೋಟಕ್ಕೆ ಹಸಿರು, ರಸ್ತೆಗೆ ಬಿಳಿ, ಮನೆಗೆ ಕೆಂಪು. ನಾವು ಹಾಗೆ ಬಿಡಿಸಿದಾಗ ಊರೆಲ್ಲ ಸೇರಿತ್ತು. ಒಬ್ಬ ಅಜ್ಜಿ ಕೋಲು ಊರಿಕೊಂಡು ಸುತ್ತ ಒಂದು ಪ್ರದಕ್ಷಿಣೆ ಹಾಕಿ, ‘ನಮ್ಮನೆ ಎಲ್ಲಿ ಬಿಟ್ರಿ?’ ಅಂದರು. ನಾವು ಬಿಟ್ಟಿದ್ದೆವು. ಕೆರೆ ಏರಿ ಹಿಂದೆ ಒಂಟಿ ಮನೆ, ಆ ಕಡೆ ನಾವು ಹೋಗಿಯೇ ಇರಲಿಲ್ಲ. ಅಜ್ಜಿ ಕೂತು, ಕೆಂಪು ಪುಡಿ ತೆಗೆದುಕೊಂಡು ತಾವೇ ಒಂದು ಚಿಟಿಕೆ ಹಾಕಿದರು. ಪಕ್ಕದಲ್ಲಿ ಹಸಿರು ಸ್ವಲ್ಪ ಜಾಸ್ತಿಯೇ ಸುರಿದರು. ಅಷ್ಟು ತೋಟ ಅವರಿಗೆ ಇಲ್ಲ ಅಂತ ಪಕ್ಕದವರು ತಕರಾರು ತೆಗೆದರು.

ಕೃಷಿ ಮೇಳ ಆದಾಗ ನವಿಲೆಗೆ ಬನ್ನಿ ಅಣ್ಣ. ಆ ದಿನ ಕ್ಯಾಂಪಸ್ ನಿಮ್ಮಂಥವರದ್ದೇ. ಅಡಿಕೆ ಎಲೆಚುಕ್ಕೆ ರೋಗದ ಬಗ್ಗೆ ನೇರವಾಗಿ ವಿಜ್ಞಾನಿಗಳನ್ನು ಹಿಡಿದು ಕೇಳಬಹುದು.

ರಿಪ್ಪನ್‌ಪೇಟೆ ಅಪ್ಪ

ಎಲೆಚುಕ್ಕೆ ಅಂದಿರಿ, ನಿದ್ದೆ ಕೆಡಿಸಿದಿರಿ. ಅದಕ್ಕೆ ಬೇರೆ ದಿನ ಬರುತ್ತೇನೆ.

ಕ್ವಾರ್ಟರ್ಸ್ ತಮ್ಮ ಹೇಳಿದ ಹಾಗೆ ಮಾಡುತ್ತೇನೆ. ನಾನೂ ಮಗಳೂ ಬುಧವಾರ ಬಸ್ಸಿನಲ್ಲಿ. ಅಮ್ಮನಿಗೆ ಸ್ವಲ್ಪ ಬೇಜಾರಾಗಿದೆ. ಬಳ್ಳಿಗಾವಿ ತೋರಿಸುತ್ತೇನೆ ಅಂತ ಸಮಾಧಾನ ಮಾಡಿದ್ದೇನೆ.

ಬಿ.ಆರ್.ಪಿ. ಕ್ವಾರ್ಟರ್ಸ್

ಒಳ್ಳೇದು. ಟೈಮ್ ಇದ್ದರೆ ಸಂಜೆ ಡ್ಯಾಮ್ ನೋಡಿ. ಪೂರ್ತಿ ಮಟ್ಟ 186 ಅಡಿ. ಈ ನಂಬರು ಇಲ್ಲಿಯ ಮಕ್ಕಳಿಗೆ ಮಗ್ಗಿಗಿಂತ ಮುಂಚೆ ಬಾಯಿಪಾಠ. ಮಳೆಗಾಲದಲ್ಲಿ ಬೆಳಿಗ್ಗೆ ಪೇಪರು ತೆಗೆದರೆ ಮೊದಲು ನೋಡುವುದು ಇವತ್ತು ಎಷ್ಟು ಅಡಿ ಅಂತ. ದಾವಣಗೆರೆ ಕಡೆಯ ಗದ್ದೆಯವರೂ ಅದನ್ನೇ ನೋಡುತ್ತಿರುತ್ತಾರೆ, ಅವರಿಗೆ ನಾಲೆ ನೀರು ಇಲ್ಲಿಂದಲೇ. ಆಚೆ ದಡದಲ್ಲಿ ಭದ್ರಾ ಅಭಯಾರಣ್ಯ, 1998ರಿಂದ ಹುಲಿ ಸಂರಕ್ಷಿತ ಪ್ರದೇಶ. ಬೇಸಿಗೆಯಲ್ಲಿ ನೀರು ಇಳಿದಾಗ ನಡುಗಡ್ಡೆ ಎದ್ದು ರಿವರ್ ಟರ್ನ್ ಹಕ್ಕಿಗಳು ಬಂದು ಮೊಟ್ಟೆ ಇಡುತ್ತವೆ. ಅದನ್ನು ಮಗಳು ಏಪ್ರಿಲ್‌ನಲ್ಲಿ ನೋಡಿಕೊಳ್ಳಲಿ. ಈ ವಿಶ್ವವಿದ್ಯಾಲಯದಲ್ಲಿ ವನ್ಯಜೀವಿ ನಿರ್ವಹಣೆಗೇ ಒಂದು ಎಂ.ಎಸ್ಸಿ. ಇದೆ. ಅಂಥ ಕೋರ್ಸನ್ನು ಪೇಟೆ ಮಧ್ಯೆ ಹೇಗೆ ಕಲಿಸುತ್ತಾರೋ ತುಂಗಾ ದಂಡೆಯವರು ಹೇಳಬೇಕು.

ರಿಪ್ಪನ್‌ಪೇಟೆ ಅಪ್ಪ

ಹೋಗಿ ಬಂದೆವು. ರಾತ್ರಿ ಊಟ ಮಾಡಿ ಬರೆಯುತ್ತಿದ್ದೇನೆ.

ಶಿವಮೊಗ್ಗದಲ್ಲಿ ಬಸ್ಸು ಹತ್ತಿದಾಗ ಇಬ್ಬರಿಗೂ ಸೀಟು ಸಿಕ್ಕಿತು. ಪುಣ್ಯ ಅಂದುಕೊಂಡೆ. ಹತ್ತು ನಿಮಿಷಕ್ಕೆ ಬಸ್ಸು ತುಂಬಿತು. ಒಬ್ಬಳು ಹುಡುಗಿ ಮುಖ ನೋಡದೆ ನನ್ನ ತೊಡೆ ಮೇಲೆ ಬ್ಯಾಗು ಇಟ್ಟಳು. ಅದರ ಮೇಲೆ ಇನ್ನೊಬ್ಬ ಹುಡುಗ. ಮೂರನೆಯದರಲ್ಲಿ ಬಿಸಿ ಬಿಸಿ ಟಿಫಿನ್ ಬಾಕ್ಸ್ ಇತ್ತು, ತೊಡೆ ಸುಡುತ್ತಿತ್ತು. ಅಲ್ಲಾಡಿಸುವ ಹಾಗಿಲ್ಲ. ಮಗಳು ಕಿಟಕಿ ಕಡೆ ತಿರುಗಿ ನಗುತ್ತಿದ್ದಳು. ಇಳಿಯುವಾಗ ಹುಡುಗ ‘ಥ್ಯಾಂಕ್ಸ್ ಅಂಕಲ್, ಯಾವ ಡಿಪಾರ್ಟ್‌ಮೆಂಟ್?’ ಅಂದ. ನನ್ನನ್ನೇ ಮೇಷ್ಟ್ರು ಅಂದುಕೊಂಡಿರಬೇಕು. ‘ಅಡಿಕೆ’ ಅಂದೆ.

ಒಳಗೆ ನಡೆದೆವು. ನಿಜ ಹೇಳಬೇಕೆಂದರೆ ಕಟ್ಟಡಗಳು ನನಗೆ ಅಷ್ಟು ನೆನಪಿಲ್ಲ. ಆಫೀಸಿನಲ್ಲಿ ಒಬ್ಬರು ಪಾಪ ಎದ್ದು ಬಂದು ದಾರಿ ತೋರಿಸಿದರು. ಲೈಬ್ರರಿ ಬಾಗಿಲಲ್ಲಿ ನಿಂತು ನೋಡಿದೆ. ಇಷ್ಟೊಂದು ಜನ ಒಂದು ಕಡೆ ಕೂತು ಮಾತಿಲ್ಲದೆ ಇದ್ದದ್ದನ್ನು ನಾನು ಸಾವಿನ ಮನೆ ಬಿಟ್ಟರೆ ಎಲ್ಲೂ ನೋಡಿರಲಿಲ್ಲ. ಚಪ್ಪಲಿ ಬಿಡಬೇಕಾ ಅಂತ ಕೇಳಿದೆ. ಮಗಳು ಕೈ ಹಿಡಿದು ಎಳೆದಳು.

ಆಮೇಲೆ ಮರಗಳು. ಅದು ನನ್ನ ಸಬ್ಜೆಕ್ಟ್ ಅಲ್ವಾ. ‘ಇದು ಮತ್ತಿ, ತೊಗಟೆ ನೋಡು, ಮೊಸಳೆ ಬೆನ್ನಿನ ಹಾಗೆ’ ಅಂದೆ. ಅವಳು ‘ಟರ್ಮಿನೇಲಿಯಾ’ ಅಂದಳು. ನಾನು ತೇಗ ಅಂದರೆ ಅವಳು ‘ಟೆಕ್ಟೋನಾ ಗ್ರಾಂಡಿಸ್’. ಹೊನ್ನೆ ಅಂದೆ, ಕಚ್ಚು ಹಾಕಿದರೆ ರಕ್ತದ ಹಾಗೆ ಕೆಂಪು ರಸ ಬರುತ್ತದೆ ಅಂದೆ. ಅದಕ್ಕೂ ಅವಳ ಹತ್ತಿರ ಒಂದು ಹೆಸರಿತ್ತು, ‘ಟೆರೊಕಾರ್ಪಸ್ ಮಾರ್ಸೂಪಿಯಂ’. ಹೀಗೆ ಎಷ್ಟು ದೂರ ಹೋದೆವೋ ಗೊತ್ತಿಲ್ಲ. ಒಂದು ಗಿಡಕ್ಕೆ ಮಾತ್ರ ಇಬ್ಬರಿಗೂ ಹೆಸರು ಗೊತ್ತಾಗಲಿಲ್ಲ. ಎಲೆ ಕಿತ್ತು ಅವಳು ನೋಟ್‌ಬುಕ್ಕಿನ ನಡುವೆ ಇಟ್ಟುಕೊಂಡಿದ್ದಾಳೆ.

ಡ್ಯಾಮ್ ನೋಡಲು ಆಗಲಿಲ್ಲ, ಬಸ್ಸು ತಪ್ಪುತ್ತದೆ ಅಂತ ಹೊರಟೆವು. ವಾಪಸ್ ಬರುವಾಗ ಸೀಟು ಸಿಗಲಿಲ್ಲ. ಮಗಳು ನನ್ನ ಕೈಚೀಲವನ್ನು ತೆಗೆದು ಯಾರೋ ಅಮ್ಮನ ತೊಡೆ ಮೇಲೆ ಇಟ್ಟಳು. ನನ್ನನ್ನು ಕೇಳಲಿಲ್ಲ, ಅವರನ್ನೂ ಕೇಳಲಿಲ್ಲ.

ಉಂಬಳ ಒಂದೂ ಸಿಗಲಿಲ್ಲ. ಆದರೂ ಹೆಂಡತಿ ಹಾಸ್ಟೆಲಿಗೆ ಕಟ್ಟುತ್ತಿರುವ ಸಾಮಾನಿನಲ್ಲಿ ಎರಡು ಕೆ.ಜಿ. ಕಲ್ಲುಪ್ಪು ಇದೆ. ತೆಗೆಸೋಕೆ ನನ್ನಿಂದ ಆಗಲಿಲ್ಲ.

ಉಪ್ಪು ಸುಣ್ಣ

ತೆಗೆಸಬೇಡಿ. ಇನ್ನೊಂದೆರಡು ತಿಂಗಳಿಗೆ ಆ ಕಡೆ ಬೆಟ್ಟದ ನೆಲ್ಲಿಕಾಯಿ ಶುರು.

ಹಿಂದಿನ ಬೆಂಚು

ಖಾರದ ಪುಡಿಯನ್ನೂ ಇಡಲು ಹೇಳಿ.